ಹೆಕ್ಕುವವರಿಲ್ಲದ ಗೇರುಬೀಜ

ಕುಮಟೆ, ಅಂಕೋಲೆಯ ಹಕ್ಕಲುಗಳಲ್ಲಿ ಈಗ ಗೇರುಬೀಜ ಉದುರುವ ಹೊತ್ತು. ಬಿದ್ದದ್ದನ್ನು ಆಯಾ ದಿನವೇ ಹೆಕ್ಕಿ, ಹಣ್ಣಿನಿಂದ ತಿರುಚಿ ಬಿಡಿಸಿ, ಎರಡು ಮೂರು ಬಿಸಿಲು ಒಣಗಿಸಬೇಕು. ಹಸಿಯಾಗೇ ಚೀಲ ಕಟ್ಟಿದರೆ ತಿರುಳಿಗೆ ಬೂಸಲು ಹಿಡಿಯುತ್ತದೆ. ಗೊಬ್ಬರಕ್ಕಿಂತ ಮೊದಲು ಈ ಬೆಳೆಗೆ ಬೇಕಾದದ್ದು, ಹೆದರದೆ ಮರದ ಬುಡಕ್ಕೆ ಹೋಗಿಬರುವ ಕಾಲುದಾರಿ.

ಆಫ್ರಿಕದ ಮೊಜಾಂಬಿಕ್ ಕಳಕೊಂಡಿದ್ದು ಅದನ್ನೇ. 1970ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಬೀಜ ಬೆಳೆದ ದೇಶ ಅದು. 1977ರಿಂದ 1992ರವರೆಗೆ ಅಂತರ್ಯುದ್ಧ. ಬೀಜ ಕೊಂಡು ಉಪ್ಪು, ಬಟ್ಟೆ ಮಾರುತ್ತಿದ್ದ ಹಳ್ಳಿ ಅಂಗಡಿಗಳು ಮುಚ್ಚಿದವು, ಹೆಕ್ಕಿದರೂ ಕೊಳ್ಳುವವರಿಲ್ಲ. ಹೂವಿಗೆ ಬೂದಿರೋಗ ಬಂದರೆ ಗಂಧಕ ಹೊಡೆಯುವವರಿಲ್ಲ. ಹೊಸ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ನಾಳೆ ಊರು ಬಿಡಬೇಕಾದೀತು ಅನ್ನುವವರು ಯಾವ ಧೈರ್ಯದ ಮೇಲೆ ನೆಟ್ಟಾರು? ನಷ್ಟದ ಲೆಕ್ಕದಲ್ಲಿ ಸುಟ್ಟ ಸೇತುವೆ ಕಾಣುತ್ತದೆ, ನೆಡದೇ ಹೋದ ಗಿಡ ಕಾಣುವುದಿಲ್ಲ. ನನ್ನ ಸಂಕಟ ಅದೇ.

ಯುದ್ಧ ಮುಗಿದರೂ ಕಾಲಿಟ್ಟರೆ ಸಿಡಿಯುವ ಬಾಂಬ್‌ಗಳು ಮಣ್ಣಿನಡಿ ಉಳಿದಿದ್ದವು; ದೇಶ ನೆಲಬಾಂಬ್‌ಮುಕ್ತವೆಂದು ಘೋಷಣೆಯಾದದ್ದು 2015ರಲ್ಲಿ, ಶಾಂತಿ ಒಪ್ಪಂದವಾಗಿ 23 ವರ್ಷಕ್ಕೆ. ಎರಡೇ ವರ್ಷದಲ್ಲಿ ಉತ್ತರದ ಕಾಬೊ ಡೆಲ್ಗಾಡೊದಲ್ಲಿ ಮತ್ತೆ ಬಂದೂಕು. ಅಲ್ಲೂ ಗೇರು ಬೆಳೆಯುತ್ತಾರೆ.