ಕೆಜಿಎಫ್ ದಾಖಲೀಕರಣ: ಹೆಡ್‌ಗೇರ್‌ಗಳಿಂದ ಸೈನೈಡ್ ದಿಬ್ಬಗಳಿಗೆ

ಕೋಲಾರ ಚಿನ್ನದ ಗಣಿಗಳ ನೆಲದ ಮೇಲಿನ ಅವಶೇಷಗಳನ್ನು ಚಿತ್ರ ಮತ್ತು ನಕ್ಷೆಗಳಲ್ಲಿ ದಾಖಲಿಸುವ ಕೆಲಸ ಈಗ ಚಾಂಪಿಯನ್ ರೀಫ್ ದಾಟಿ ಮಾರಿಕುಪ್ಪಂ ಕಡೆಗೆ ಸಾಗಿದೆ. ಹೆಡ್‌ಗೇರ್‌ಗಳ, ಎಂದರೆ ಗಣಿ ಬಾವಿಗಳ ಬಾಯಿಯ ಮೇಲೆ ನಿಂತ ರಾಟೆ ಗೋಪುರಗಳ, ಭಾಗ ಬಹುಮಟ್ಟಿಗೆ ಮುಗಿದಿದೆ. ಶಾಫ್ಟ್‌ಗಳ (ಆ ಬಾವಿಗಳ) ಆವರಣಕ್ಕೆ ಅನುಮತಿಯಿಲ್ಲದೆ ಹೋಗುವಂತಿಲ್ಲವಾದ್ದರಿಂದ ಈ ಚಿತ್ರಗಳನ್ನೆಲ್ಲ ಹೊರಗಿನ ರಸ್ತೆಯಿಂದಲೇ ತೆಗೆಯಲಾಗಿದೆ. ಆದರೂ ರಾಟೆಯ ಅಂಚಿನ ತುಕ್ಕು, ಉಕ್ಕಿನ ತೊಲೆಗಳ ಮೇಲೆ ಸಾಲಾಗಿ ಕುಳಿತ ರಿವೆಟ್‌ಗಳು ಸ್ಪಷ್ಟವಾಗಿ ಮೂಡಿವೆ.

ಕೆಜಿಎಫ್ ಎಂದೊಡನೆ ಎಲ್ಲರೂ ತೋರಿಸುವುದು ಹೆಡ್‌ಗೇರನ್ನೇ. ನನಗೀಗ ಅದಕ್ಕಿಂತ ಮುಖ್ಯವೆನಿಸಿರುವುದು ಊರಿನವರು ಸೈನೈಡ್ ದಿಬ್ಬ ಎನ್ನುವ ಬೂದು ಗುಡ್ಡಗಳು. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ, ಸತುವಿನಿಂದ ಅದನ್ನು ಬೇರ್ಪಡಿಸಿದ ಮೇಲೆ ಉಳಿದ ಪುಡಿಯನ್ನು ಇಲ್ಲಿ ಸುರಿಯಲಾಗುತ್ತಿತ್ತು. ಕೊನೆಯ ದಶಕಗಳಲ್ಲಿ ಒಂದು ಟನ್ ಅದಿರಿನಿಂದ ದೊರೆಯುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಎಂದರೆ ಸುಮಾರು 120 ವರ್ಷಗಳಲ್ಲಿ 800 ಟನ್‌ನಷ್ಟು ಚಿನ್ನ ಹೊರಗೆ ಹೋಗಿದ್ದರೆ, ಅದಕ್ಕಾಗಿ ಅರೆದ ಬಂಡೆ ಬಹುಪಾಲು ಊರಿನಲ್ಲೇ ಉಳಿದಿದೆ. ಮೂರು ಕಿಲೋಮೀಟರ್‌ಗೂ ಹೆಚ್ಚು ಆಳಕ್ಕಿಳಿದಿದ್ದ ಸುರಂಗಗಳಲ್ಲಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿ ಪಂಪುಗಳು ನಿಂತ ಬಳಿಕ, ನೀರು ತುಂಬಿಕೊಂಡಿದೆ. ಅಲ್ಲಿ ನಡೆದ ಕೆಲಸದ ಗಾತ್ರವನ್ನು ಕಣ್ಣಳತೆಯಲ್ಲಿ ಹಿಡಿಯಬೇಕೆಂದರೆ ಈ ದಿಬ್ಬಗಳೇ ಗತಿ. ಮಳೆ ಇವುಗಳ ಇಳಿಜಾರಿನಲ್ಲಿ ಮೇಲಿನಿಂದ ಕೆಳಗಿನವರೆಗೂ ಕೊರಕಲುಗಳನ್ನು ಕೊರೆದಿದೆ, ಬೇಸಿಗೆಯ ಗಾಳಿ ಗೋಧಿ ಹಿಟ್ಟಿನಷ್ಟು ನುಣುಪಾದ ಧೂಳನ್ನು ಬೀದಿಗಳಿಗೆ ಎತ್ತಿ ತರುತ್ತದೆ. ಇಲ್ಲಿ ವಾಸಿಸುವವರ ಪಾಲಿಗೆ ಗಣಿ ಇನ್ನೂ ಪೂರ್ತಿ ಮುಚ್ಚಿಲ್ಲವೆಂದೇ ಹೇಳಬೇಕು.

ನಕ್ಷೆಗೆ ಇನ್ನೆರಡು ಪದರಗಳು ಸೇರಬೇಕಿವೆ. ಒಂದು, ಬೇತಮಂಗಲದ ಕೆರೆಯಿಂದ ಬರುತ್ತಿದ್ದ ನೀರಿನ ಕೊಳವೆಯ ದಾರಿ. ಇನ್ನೊಂದು, 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರ ವಿದ್ಯುತ್ ತಂದ ತಂತಿ ಮಾರ್ಗ; ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ ಎಂಬುದನ್ನು ನೆನೆದರೆ, ಮೈಸೂರು ಸಂಸ್ಥಾನಕ್ಕೆ ಈ ಗಣಿ ಎಷ್ಟು ಮುಖ್ಯವಾಗಿತ್ತೆಂಬುದು ತಿಳಿಯುತ್ತದೆ. (1965ರಲ್ಲಿ ಚಾಂಪಿಯನ್ ರೀಫ್‌ನ ಆಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳೆಂಬ ಅತಿ ಸೂಕ್ಷ್ಮ ಕಣಗಳನ್ನು ಗುರುತಿಸಿದ ಪ್ರಯೋಗಕ್ಕೆ ನೆಲದ ಮೇಲೆ ತೋರಿಸಬಹುದಾದ ಕುರುಹು ನನಗೆ ಸಿಕ್ಕಿಲ್ಲ.)

ದಿಬ್ಬಗಳ ಚಿತ್ರಗಳನ್ನು ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ ಅದೇ ಸ್ಥಳ, ಅದೇ ಕೋನದಿಂದ ತೆಗೆದು ಕೊರಕಲುಗಳ ಅಗಲವನ್ನು ಹೋಲಿಸಲಿದ್ದೇನೆ. ಅದಕ್ಕಾಗಿ ರಸ್ತೆ ಬದಿಯ ನಿಲುಗಡೆ ಬಿಂದುಗಳನ್ನು ಈಗಾಗಲೇ ಗುರುತಿಸಿಟ್ಟಿದ್ದೇನೆ.