ತೋಟದಿಂದ ತರಗತಿಗೆ ಬರುತ್ತಿದ್ದ ಮೇಷ್ಟ್ರು

ತೀರ್ಥಹಳ್ಳಿ ಸೀಮೆಯ ನಮ್ಮ ಪ್ರೌಢಶಾಲೆಯಲ್ಲಿ ಬಹಳ ಕಾಲ ಗಣಿತ ಕಲಿಸಿದ ಮೇಷ್ಟ್ರು ಕಳೆದ ಆಷಾಢದಲ್ಲಿ ತೀರಿಕೊಂಡರು. ಈ ಸಂಚಿಕೆಗೆ ಮರೆಯಲಾಗದ ಶಿಕ್ಷಕರೊಬ್ಬರ ಬಗ್ಗೆ ಬರೆಯಬೇಕೆಂದು ಕೇಳಿದಾಗ ನನಗೆ ಬೇರೆ ಯಾರೂ ನೆನಪಿಗೆ ಬರಲಿಲ್ಲ.

ತಂದೆಯನ್ನು ಎಳವೆಯಲ್ಲೇ ಕಳೆದುಕೊಂಡ ಅವರ ಹೆಗಲ ಮೇಲೆ ತಮ್ಮಂದಿರ ಓದು, ತಂಗಿಯರ ಮದುವೆ, ಹಾಸಿಗೆ ಹಿಡಿದ ತಾಯಿಯ ಆರೈಕೆ ಎಲ್ಲವೂ ಇದ್ದವು. ಬೆಳಕು ಹರಿಯುವ ಮುನ್ನ ಕೊಟ್ಟಿಗೆಯ ಕೆಲಸ ಮುಗಿಸಿ, ತೋಟಕ್ಕೊಂದು ಸುತ್ತು ಹಾಕಿ, ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದ್ದು ಹಳ್ಳದ ಕಾಲುಸಂಕ (ಕಿರುಸೇತುವೆ) ದಾಟಿ, ಪ್ರಾರ್ಥನೆಯ ಗಂಟೆಗೆ ಮೊದಲೇ ಶಾಲೆಯಲ್ಲಿರುತ್ತಿದ್ದರು. ಅಡಿಕೆ ಕೊಯ್ಲಿನ ದಿನಗಳಲ್ಲಿ ಅವರ ಬೆರಳುಗಳು ಚೊಗರು ಹಿಡಿದು ಕಪ್ಪಾಗಿರುತ್ತಿದ್ದವು. ಆ ಬೆರಳುಗಳಿಗೆ ಬೋರ್ಡಿನ ಮೇಲೆ ವೃತ್ತ ಎಳೆಯಲು ಕೈವಾರ ಬೇಕಿರಲಿಲ್ಲ.

ಪ್ರಮೇಯಗಳೆಷ್ಟೋ ಮರೆತುಹೋಗಿವೆ, ಅನುಪಾತದ ಪಾಠ ಮಾತ್ರ ಮರೆತಿಲ್ಲ. ಮಳೆ ಹೊಳವಾಗಿದ್ದ ಒಂದು ಶನಿವಾರ ಅವರು ನಮ್ಮನ್ನೆಲ್ಲ ತಮ್ಮ ತೋಟಕ್ಕೆ ಕರೆದೊಯ್ದರು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆಸುವ ಕೊಳೆರೋಗಕ್ಕೆ ಔಷಧಿ ಹೊಡೆಯುವ ಸಮಯವದು. 1 ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕದಡಿ, ಎರಡನ್ನೂ ಬೆರೆಸಿದರೆ ಶೇಕಡಾ 1ರ ಬೋರ್ಡೋ ದ್ರಾವಣ ಸಿದ್ಧವಾಗುತ್ತದೆ. ಹದ ನೋಡಲು ಅವರು ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ತೆಗೆದರು. ಅಲಗಿನ ಮೇಲೆ ತಾಮ್ರದ ಕೆಂಪು ಮೂಡಿತ್ತು. "ಸುಣ್ಣ ಸಾಲದು, ಹೀಗೇ ಹೊಡೆದರೆ ಕಾಯಿಗೇ ಕೇಡು" ಎಂದು ನಮ್ಮ ಕೈಯಿಂದಲೇ ಸುಣ್ಣದ ನೀರು ಹಾಕಿಸಿ ಮತ್ತೆ ಅದ್ದಿದರು. ಈ ಸಲ ಅಲಗು ಬಿಳುಪಾಗಿಯೇ ಉಳಿಯಿತು. ಇಂದು ನೀರಾವರಿ ಕಾಮಗಾರಿಗಳ ಎಂಜಿನಿಯರ್ ಆಗಿರುವ ನನ್ನ ಅಂದಾಜು ಪಟ್ಟಿಯಲ್ಲಿ ತಪ್ಪು ಸಿಗುವುದಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಆ ಹೆಸರಿನ ಬುನಾದಿ ಆ ತೋಟದಲ್ಲಿದೆ.

ಎಳ್ಳಮಾವಾಸ್ಯೆಯ ಜಾತ್ರೆಗೆ ನಾವು ಕೆಲವರು ತರಗತಿ ತಪ್ಪಿಸಿ ತುಂಗಾ ತೀರದ ರಾಮೇಶ್ವರ ದೇವಸ್ಥಾನದ ಬಳಿಗೆ ಓಡಿದ್ದೆವು. ಬಳೆಯಂಗಡಿಯ ಮುಂದೆ, ಆ ದಿನ ರಜೆ ಹಾಕಿದ್ದ ಮೇಷ್ಟ್ರೇ ಕಿರಿಯ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು! ಬೈಯಲಿಲ್ಲ, ಮಂಡಕ್ಕಿ ಕೊಡಿಸಿ, ತಲೆ ಎಣಿಸಿ ಬಸ್ಸು ಹತ್ತಿಸಿದರು. ಮರುದಿನ ಮಾತ್ರ, ಜಾತ್ರೆಯ ಖರ್ಚನ್ನು ಪೈಸೆ ಪೈಸೆ ಬರೆದು ಅಪ್ಪನ ರುಜು ಹಾಕಿಸಿ ತರಬೇಕೆಂದರು. ಬೆತ್ತದೇಟಾಗಿದ್ದರೆ ಎಷ್ಟೋ ಸುಲಭವಿತ್ತು.

ಹಳ್ಳ ಉಕ್ಕಿ ಸಂಕ ಮುಳುಗಿದ ದಿನಗಳಲ್ಲಿ ಮನೆಗೆ ಹೋಗಲಾರದ ಮಕ್ಕಳಿಗೆ ಅವರ ಮನೆಯೇ ಆಸರೆ. ಅವರ ಮಕ್ಕಳ ಪಂಕ್ತಿಯಲ್ಲೇ ನಮಗೂ ಎಲೆ ಹಾಕಿ ಮೇಷ್ಟ್ರ ಮನೆಯಾಕೆ ಅಮ್ಮನವರು ಗಂಜಿ, ಕಳಲೆ ಪಲ್ಯ ಬಡಿಸುತ್ತಿದ್ದರು. ಬೆಳೆ ಕೊಳೆತು ಕೈ ಬರಿದಾದ ವರ್ಷವೂ ಆ ಎಲೆಗಳು ಕಡಿಮೆಯಾಗಲಿಲ್ಲ.

ಈಗಿನ ಮಕ್ಕಳು ಮುಂಜಾನೆಯೇ ವ್ಯಾನು ಹತ್ತಿ ಪೇಟೆಯ ಶಾಲೆಗೆ, ಸಂಜೆ ಟ್ಯೂಷನ್ನಿಗೆ ಹೋಗುತ್ತಾರೆ. ಅಂಕಗಳು ಹೆಚ್ಚಿವೆ, ಸಂತೋಷ. ಆದರೆ ಮಗುವಿನ ಮನೆಯಂಗಳವನ್ನು ಕಂಡ ಶಿಕ್ಷಕರು ಎಷ್ಟು ಮಂದಿ ಇದ್ದಾರೆಂದು ಯೋಚಿಸಿದರೆ ಬೇಸರವಾಗುತ್ತದೆ.

ಮೇಷ್ಟ್ರ ಹೆಸರಿನಲ್ಲಿ ದತ್ತಿನಿಧಿ ಸ್ಥಾಪಿಸುವ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ನಡೆದಿದೆ. ಆ ಹಣ ಹೆಚ್ಚು ಅಂಕ ಪಡೆದವರ ಪದಕಕ್ಕೆ ಹೋಗದೆ, ಮಳೆಗಾಲದಲ್ಲಿ ದೂರದ ಹಳ್ಳಿಗಳಿಂದ ನಡೆದು ಬರುವ ಮಕ್ಕಳ ಊಟ, ವಸತಿಗೆ ವೆಚ್ಚವಾಗಲಿ ಎಂಬುದು ನನ್ನ ಕೋರಿಕೆ. ನನ್ನ ಪಾಲನ್ನು ಈ ತಿಂಗಳೇ ಕಳುಹಿಸುತ್ತಿದ್ದೇನೆ.