ಹನ್ನೆರಡೂವರೆಯ ನೆರಳು

ನಮ್ಮ ಭೂಗೋಳದ ಮಾಸ್ತರು ಈ ಆಷಾಢದಲ್ಲಿ ತೀರಿಕೊಂಡರು. ಸುದ್ದಿ ಬಂದಾಗ ನಾನು ಧಾರವಾಡದ ಮನೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ. ಫೋನ್ ಇಟ್ಟವಳೇ ಅಂಗಳಕ್ಕೆ ಹೋಗಿ ನನ್ನ ನೆರಳು ಎಲ್ಲಿದೆ ಅಂತ ನೋಡಿದೆ. ಮೋಡ ಕವಿದಿತ್ತು. ನೆರಳು ಇರಲಿಲ್ಲ. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಈಗಿನ ಹೆಡ್‌ಮಾಸ್ತರು ಎರಡು ವರ್ಷದಿಂದ ಕೇಳುತ್ತಲೇ ಇದ್ದರು. ಈಗಲೂ ಬರೆಯದಿದ್ದರೆ ಇನ್ಯಾವಾಗ ಬರೆಯೋದು, ಅಲ್ವಾ?

1983ರಲ್ಲಿ ನಾನು ಕುಮಟಾ ಕಡೆಯ ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದೆ. ಆಗ ಓದಿದ ಪುಸ್ತಕದ ಪಾಠ ಒಂದೂ ನೆನಪಿಲ್ಲ. ನೆನಪಿರೋದು ಅಘನಾಶಿನಿ ಹೊಳೆ ಕಡೆಯಿಂದ ಬರುತ್ತಿದ್ದ ಕೆಸರಿನ ವಾಸನೆ, ಮಳೆಗಾಲದಲ್ಲಿ ನಾವು ಒದ್ದೆ ಲಂಗ ಹಿಂಡಿಕೊಂಡು ಬಂದರೆ ಒಲೆ ಹತ್ತಿರ ಕೂರಿಸುತ್ತಿದ್ದ ಕನ್ನಡದ ಅಕ್ಕೋರು, ಮತ್ತೆ ಆ ಕಂಬ. ಬಾವುಟ ಹಾರಿಸುವ ಕಂಬವೇ ಅದು. ಮಾಸ್ತರು ಅದರ ಸುತ್ತ ಚಿರೆಕಲ್ಲಿನ ತುಂಡುಗಳನ್ನು ಹುಗಿದಿದ್ದರು. ಕಂಬದ ನೆರಳು ಮುಟ್ಟುವಲ್ಲಿ ಒಂದೊಂದು ಪೀರಿಯಡ್ಡಿಗೆ ಒಂದೊಂದು ಕಲ್ಲು. ಹದಿನೈದು ದಿನಕ್ಕೊಮ್ಮೆ ಪಂಚೆ ಎತ್ತಿ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ಕಲ್ಲುಗಳನ್ನು ಬೆರಳಗಲ ಅತ್ತಿತ್ತ ಸರಿಸುತ್ತಿದ್ದರು. ನಮ್ಮ ಅಜ್ಜಂದಿರು ಸೂರ್ಯ ಹುಟ್ಟಿದಲ್ಲಿಂದ ಗಳಿಗೆ ಎಣಿಸುತ್ತಿದ್ದರು, ಒಂದು ಗಳಿಗೆ ಅಂದರೆ 24 ನಿಮಿಷ, ದಿನಕ್ಕೆ 60 ಗಳಿಗೆ ಅಂತ ಹೇಳಿಕೊಟ್ಟದ್ದು ಆ ಕಂಬದ ಬುಡದಲ್ಲೇ.

ಈಗ ನಮ್ಮ ಕಿತಾಪತಿಯ ಕಥೆ ಹೇಳಬೇಕು. ಒಂಬತ್ತನೇ ತರಗತಿಯ ಜನವರಿ. ನಾವು ಮೂವರು ಹುಡುಗಿಯರು, ಮೂವರದ್ದೂ ಗಜನಿ ಗದ್ದೆಯ, ಅಂದರೆ ಹೊಳೆಯ ಉಪ್ಪು ನೀರು ಹತ್ತುವ ಗದ್ದೆಯ, ಅಂಚಿನ ಮನೆಗಳು. ಕಡಲಿನ ಇಳಿತಕ್ಕೆ ಹೊಳೆ ನೀರು ಇಳಿದಾಗ ಕೆಸರಲ್ಲಿ ಸಿಗುವ ಬಳಚು ಅನ್ನುವ ಚಿಪ್ಪಿ ಹೆಕ್ಕಿ ಮಾರಿದರೆ ಕೈಗೆ ನಾಲ್ಕು ಕಾಸು ಸಿಗುತ್ತಿತ್ತು. ಆದರೆ ನೀರು ಗಡಿಯಾರ ನೋಡಿ ಇಳಿಯೋದಿಲ್ಲ, ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡ ಮಾಡುತ್ತಾ ಹೋಗುತ್ತದೆ. ಆ ದಿನ ಇಳಿತ ನಾಲ್ಕೂಕಾಲಿಗೆ. ಶಾಲೆ ಬಿಡೋದು ಐದಕ್ಕೆ. ಅಲ್ಲಿಂದ ಅರ್ಧ ಗಂಟೆ ನಡೆಯಬೇಕು, ಅಷ್ಟೊತ್ತಿಗೆ ನೀರು ಮೊಣಕಾಲು ದಾಟುತ್ತದೆ. ಆಫೀಸಿನ ಕೊಡಕ್ಕೆ ನೀರು ತುಂಬುವ ಪಾಳಿ ನಮ್ಮದೇ ಇತ್ತು. ಒಬ್ಬಳು ಬಾಗಿಲಲ್ಲಿ ನಿಂತಳು, ಒಬ್ಬಳು ಸ್ಟೂಲ್ ಹಿಡಿದಳು, ನಾನು ಹತ್ತಿ ಗೋಡೆ ಗಡಿಯಾರದ ದೊಡ್ಡ ಮುಳ್ಳನ್ನು ನಲವತ್ತು ನಿಮಿಷ ಮುಂದೆ ತಳ್ಳಿದೆ.

ಗಂಟೆ ಹೊಡೆಯುತ್ತಿದ್ದವರು ಜವಾನಣ್ಣ. ಕೊಂಕಣ ರೈಲು ನಮ್ಮ ಕಡೆ ಬರೋಕೆ ಎಷ್ಟೋ ವರ್ಷ ಮೊದಲೇ ರೈಲು ಹಳಿಯ ತುಂಡೊಂದು ನಮ್ಮ ಶಾಲೆಯ ಜಗಲಿಯಲ್ಲಿ ತೂಗುತ್ತಿತ್ತು, ಅದೇ ನಮ್ಮ ಗಂಟೆ. ಅವರು ಗಡಿಯಾರ ನೋಡಿದರು, ಹೊಡೆದರು. ಮಕ್ಕಳೆಲ್ಲ ಹೋ ಅಂತ ಹೊರಗೆ ಓಡಿದರು. ಮಾಸ್ತರು ಕಂಬದ ಹತ್ತಿರ ಬಂದು ನೋಡಿದರೆ ನೆರಳು ಕೊನೆಯ ಕಲ್ಲಿಗೆ ಮುಟ್ಟಿರಲಿಲ್ಲವಂತೆ. ಅವರು ಯಾರನ್ನೂ ಕೂಗಿ ಕರೆಯಲಿಲ್ಲ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಕೈ ತೋರಿಸಿ ಅಂದರು. ಉಗುರು ನೋಡಲು ಅಂದುಕೊಂಡೆವು. ನನ್ನ ಹತ್ತಿರ ಬಂದು ನಿಂತರು. ಬಳಚಿನ ಚಿಪ್ಪು ತಾಗಿದರೆ ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ಗೀರು ಬೀಳುತ್ತದೆ, ಉಪ್ಪು ನೀರಿಗೆ ಅದು ಬೆಳ್ಳಗೆ ಉಬ್ಬಿರುತ್ತದೆ.

“ಎಂತ ಆಯ್ತೆ ಕೈಗೆ?”

“ಬಳಚು ತಾಗಿದ್ದು ಮಾಸ್ತರೆ.”

“ಐದು ಗಂಟೆಗೆ ಶಾಲೆ ಬಿಟ್ಟವಳಿಗೆ ನಿನ್ನೆ ಬಳಚು ಹೇಗೆ ಸಿಕ್ತು ತಂಗೀ? ಅಷ್ಟೊತ್ತಿಗೆ ನೀರು ಏರಿತ್ತಲ್ಲ.”

ಹೊಡೆಯಲಿಲ್ಲ. ಮೂವರನ್ನೂ ಜಗಲಿಗೆ ಕರೆದುಕೊಂಡು ಹೋಗಿ ಜವಾನಣ್ಣನ ಎದುರು ನಿಲ್ಲಿಸಿದರು. ಹಿಂದಿನ ಸಂಜೆಯೇ ಆ ಮನುಷ್ಯ ಎಲ್ಲರೆದುರು ಬೈಸಿಕೊಂಡಿದ್ದರು ಅಂತ ನಮಗೆ ಗೊತ್ತಾದದ್ದು ಆಗ. “ತಪ್ಪು ನಿಮ್ಮದು, ಬೈಗಳು ತಿಂದದ್ದು ಇವರು. ಮುಖ ನೋಡಿ ಹೇಳಿ” ಅಂದರು ಮಾಸ್ತರು. ನಮಗೆ ಬಾಯಿ ಬರಲಿಲ್ಲ, ಅಳು ಬಂತು. ಜವಾನಣ್ಣ ಕೈಯಲ್ಲಿದ್ದ ಸುತ್ತಿಗೆ ನೋಡುತ್ತಾ, “ಅಡ್ಡಿಲ್ಲ ಬಿಡಿ ಮಾಸ್ತರೆ, ಮಕ್ಕಳು” ಅಂದರು. ಆ ‘ಅಡ್ಡಿಲ್ಲ’ ನನಗೆ ಇವತ್ತಿಗೂ ಅಡ್ಡ ನಿಲ್ಲುತ್ತದೆ.

ಶಿಕ್ಷೆ ಏನು ಅಂದರೆ, ಒಂದು ಮೀಟರ್ ಕೋಲು ನೆಟ್ಟು ಪ್ರತಿದಿನ ಮಧ್ಯಾಹ್ನ ಅದರ ನೆರಳು ಅತಿ ಚಿಕ್ಕದಾಗುವ ಹೊತ್ತು ಕಾದು ಅಳೆಯಬೇಕು, ಬರೆದಿಡಬೇಕು. ಹನ್ನೆರಡಕ್ಕೆ ಆಗಿಬಿಡುತ್ತೆ ಅಂದುಕೊಂಡಿದ್ದೆವು. ಆಗಲಿಲ್ಲ. ಹನ್ನೆರಡೂವರೆ ದಾಟಿದ ಮೇಲೂ ನೆರಳು ಕುಗ್ಗುತ್ತಲೇ ಇತ್ತು. ನಮ್ಮ ದೇಶದ ಗಡಿಯಾರ ಎಂಬತ್ತೆರಡೂವರೆ ಡಿಗ್ರಿ ಪೂರ್ವ ರೇಖಾಂಶದ್ದು, ನಾವು ಅದಕ್ಕಿಂತ 8 ಡಿಗ್ರಿ ಪಡುವಣದಲ್ಲಿದ್ದೇವೆ, ಡಿಗ್ರಿಗೆ 4 ನಿಮಿಷ, ಹಾಗಾಗಿ ನಮ್ಮ ನಡುಹಗಲು ಅರ್ಧ ಗಂಟೆ ತಡ. ಇದನ್ನು ಅವರು ಬೋರ್ಡಿನ ಮೇಲೆ ಬರೆದಿದ್ದರೆ ನಾನು ಮರೆಯುತ್ತಿದ್ದೆ. ಬಿಸಿಲಲ್ಲಿ ನಿಂತು ಕಲಿತದ್ದರಿಂದ ಉಳಿಯಿತು. ಜನವರಿಯಲ್ಲಿ 70 ಸೆಂಟಿಮೀಟರ್ ಇದ್ದ ನೆರಳು ಮಾರ್ಚ್ 21ಕ್ಕೆ 26ಕ್ಕೆ ಇಳಿಯಿತು. ಏಪ್ರಿಲ್ ರಜೆ ಬಂತು, ಶಿಕ್ಷೆ ಮುಗಿಯಿತು ಅಂದುಕೊಂಡೆವು. ಮಾಸ್ತರು ತಿಂಗಳ ಕೊನೆಗೆ ನಮ್ಮ ಮನೆ ಬಾಗಿಲಿಗೇ ಬಂದು ಕರೆದರು. ಅಷ್ಟು ಹೊತ್ತಿಗೆ ನಮಗೂ ಹುಚ್ಚು ಹಿಡಿದಿತ್ತು. ಖಾಲಿ ಶಾಲೆ, ಸುಡುವ ಅಂಗಳ, ಹನ್ನೆರಡೂವರೆ. ಸೂರ್ಯ ನೇರ ನೆತ್ತಿಗೆ ಬಂದ, ಕೋಲಿನ ನೆರಳು ಕೋಲಿನ ಬುಡದೊಳಗೇ ಹೊಕ್ಕಿತು. ಮಾಸ್ತರು ಮನೆಯಿಂದ ತಂದಿದ್ದ ಮುರುಗಲ ಪಾನಕ ಲೋಟಕ್ಕೆ ಬಗ್ಗಿಸಿಕೊಟ್ಟರು. ಜವಾನಣ್ಣನೂ ಬಂದಿದ್ದರು. ಮೊದಲ ಲೋಟ ಅವರಿಗೆ.

ಮುಂದೆ ನಾನೂ ಮಾಸ್ತರಿಕೆಯನ್ನೇ ಹಿಡಿದೆ. ಮೂವತ್ತು ವರ್ಷ ವಿಜ್ಞಾನ, ಗಣಿತ ಕಲಿಸಿದೆ. ಸ್ವಯಂ ನಿವೃತ್ತಿ ತೆಗೆದುಕೊಂಡು 2018ರ ಜುಲೈನಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯ ಮೂಲಕ ತಾಂಜಾನಿಯಾಕ್ಕೆ ಹೋದೆ. ದಕ್ಷಿಣ ತುದಿಯ ಮ್ಟ್ವಾರಾ ಹತ್ತಿರದ ಹಳ್ಳಿ ಹೈಸ್ಕೂಲಿನಲ್ಲಿ ಹತ್ತು ತಿಂಗಳು ಪಾಠ ಮಾಡಿದೆ. ನಮ್ಮ ಈ ಹೊಳೆದಂಡೆಯ ಶಾಲೆಯಲ್ಲಿ ಓದಿದವಳು ಆಫ್ರಿಕಾದ ಮಕ್ಕಳಿಗೆ ಕಲಿಸಿ ಬಂದಳು ಅಂತ ಹೇಳಿಕೊಳ್ಳೋಕೆ ನನಗೆ ಹೆಮ್ಮೆಯೇ.

ಅಲ್ಲಿಗೆ ಹೋಗಿಳಿದ ವಾರವೇ ಬಸ್ ತಪ್ಪಿತು. ದಾರ್ ಎಸ್ ಸಲಾಮ್‌ನಿಂದ ಮ್ಟ್ವಾರಾ ಐನೂರು ಕಿಲೋಮೀಟರಿಗೂ ಜಾಸ್ತಿ, ಇಡೀ ದಿನದ ದಾರಿ. ಟಿಕೆಟ್ ಕೊಟ್ಟವನು ‘ಸಾ ಕುಮಿ ನಾ ಮ್ಬಿಲಿ’ ಅಂದ. ಅಲ್ಲಿನ ಸ್ವಾಹಿಲಿ ಭಾಷೆಯ ಅಂಕಿಗಳನ್ನು ಕಲಿತಿದ್ದೆ, ಸಾ ಅಂದರೆ ಗಂಟೆ, ಕುಮಿ ನಾ ಮ್ಬಿಲಿ ಅಂದರೆ ಹನ್ನೆರಡು. ಹನ್ನೊಂದಕ್ಕೇ ಎರಡು ಪೆಟ್ಟಿಗೆ ಎಳೆದುಕೊಂಡು ಸ್ಟ್ಯಾಂಡಿಗೆ ಹೋದರೆ ಬಸ್ ಬೆಳಿಗ್ಗೆ ಆರಕ್ಕೇ ಹೋಗಿಯಾಗಿತ್ತು. ಚಾ ಮಾರುತ್ತಿದ್ದ ಹೆಂಗಸೊಬ್ಬರು ನನ್ನನ್ನು ನೆರಳಿಗೆ ಕೂರಿಸಿ ಚಾ ಕೊಟ್ಟರು, ಜೊತೆಗೆ ಚಪಾತಿ. ಅಲ್ಲಿ ಚಾಗೆ ಚಾಯ್, ಚಪಾತಿಗೆ ಚಪಾತಿ, ವಾಹನಕ್ಕೆ ಗಾರಿ, ಲಕ್ಷಕ್ಕೆ ಲಾಕಿ. ನಮ್ಮ ಕಡಲಿಂದ ಹಾಯಿ ಹಡಗುಗಳು ಮಾನ್ಸೂನ್ ಗಾಳಿ ಹಿಡಿದು ಅಲ್ಲಿಗೆ ಹೋಗಿ ಬರುತ್ತಿದ್ದ ಕಾಲದಿಂದ ಸೇರಿಕೊಂಡ ಮಾತುಗಳು. ಆ ಹೆಂಗಸನ್ನು ‘ಮಾಮಾ’ ಅಂತ ಕರೆಯಬೇಕು. ನಮ್ಮಲ್ಲಿ ಅದು ಸೋದರಮಾವ, ಅಲ್ಲಿ ತಾಯಿ.

ಆ ಮಾಮಾ ಮೂಡಣ ದಿಕ್ಕಿಗೆ ಬೆರಳು ತೋರಿಸಿ, ಕೈಯನ್ನು ನಿಧಾನ ಮೇಲೆ ಎತ್ತುತ್ತಾ ಎಣಿಸಿದರು. ಸೂರ್ಯ ಹುಟ್ಟಿ ಒಂದು ತಾಸಾದರೆ ಅವರಿಗೆ ಒಂದು ಗಂಟೆ, ಅದು ನಮ್ಮ ಏಳು. ನಮ್ಮ ಆರು ಅವರ ಹನ್ನೆರಡು. ಭೂಮಧ್ಯ ರೇಖೆಗೆ ಹತ್ತಿರದ ದೇಶ, ವರ್ಷವಿಡೀ ಬೆಳಗು ಹೆಚ್ಚುಕಡಿಮೆ ಆರಕ್ಕೇ ಆಗುತ್ತದೆ, ಹಾಗಾಗಿ ಲೆಕ್ಕ ಕೆಡುವುದಿಲ್ಲ. ನನಗೆ ಬಸ್ ತಪ್ಪಿದ ಬೇಸರ ಅಲ್ಲಿಗೇ ಹೋಯಿತು. ಇದು ನಮ್ಮ ಅಜ್ಜಂದಿರ ಲೆಕ್ಕ! ಕಂಬದ ಬುಡದಲ್ಲಿ ಕೇಳಿದ್ದ ಮಾತು ಸಮುದ್ರದಾಚೆ ಇನ್ನೂ ಬದುಕಿತ್ತು.

ಮರುದಿನ ಕತ್ತಲಲ್ಲೇ ಹೋಗಿ ಬಸ್ ಹಿಡಿದೆ. ರುಫಿಜಿ ನದಿಯ ಉದ್ದನೆಯ ಸೇತುವೆ ದಾಟಿದ ಮೇಲೆ ಟಯರ್ ಒಡೆದು ಎರಡು ತಾಸು ರಸ್ತೆ ಬದಿ ನಿಂತೆವು. ಲಿಂಡಿ ಪಟ್ಟಣ ದಾಟಿದ ಮೇಲೆ ಎರಡೂ ಕಡೆ ಗೇರು ಮರ. ಕುಮಟಾ, ಅಂಕೋಲಾ ಕಡೆಯ ಬೇಣದಲ್ಲಿ, ಹುಲ್ಲುಗುಡ್ಡದಲ್ಲಿ, ಇದ್ದ ಹಾಗೇ. ನಮ್ಮ ಗೇರುಬೀಜದ ಕಾರ್ಖಾನೆಗಳಿಗೆ ಹಸಿ ಬೀಜ ಬರುವ ದೇಶಗಳಲ್ಲಿ ಇದೂ ಒಂದು. ನಮ್ಮಲ್ಲಿ ಹಣ್ಣು ಮಾರ್ಚ್, ಏಪ್ರಿಲ್‌ಗೆ, ಅಲ್ಲಿ ಅಕ್ಟೋಬರ್‌ಗೆ.

ಆ ಮಕ್ಕಳು ಹಿರಿಯರನ್ನು ಕಂಡರೆ ‘ಶಿಕಾಮೂ’ ಅನ್ನುತ್ತಾರೆ, ನಿಮ್ಮ ಕಾಲು ಹಿಡಿಯುತ್ತೇನೆ ಅಂತ ಅದರ ಮೂಲ ಅರ್ಥ. ಮಾಸ್ತರಿಗೆ ‘ಮ್ವಾಲಿಮು’. ಅವರ ದೇಶದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಶಾಲಾ ಶಿಕ್ಷಕರಾಗಿದ್ದವರು, ಅಧ್ಯಕ್ಷರಾದ ಮೇಲೂ ಜನ ಅವರನ್ನು ಕರೆದದ್ದು ಮ್ವಾಲಿಮು ಅಂತಲೇ. ಪ್ರೈಮರಿ ಪೂರ್ತಿ ಸ್ವಾಹಿಲಿಯಲ್ಲಿ ಓದಿ ಬಂದ ಮಕ್ಕಳಿಗೆ ಹೈಸ್ಕೂಲಿನಲ್ಲಿ ಎಲ್ಲವೂ ಒಮ್ಮೆಲೇ ಇಂಗ್ಲಿಷು. ಕನ್ನಡ ಶಾಲೆಯಿಂದ ಕಾಲೇಜಿಗೆ ಹೋದಾಗ ನನ್ನ ಬಾಯಿ ಕಟ್ಟಿದ್ದು ನೆನಪಾಯಿತು. ಅದಕ್ಕೇ ಶನಿವಾರ ಬನ್ನಿ, ಬಿಡಿಸಿ ಹೇಳಿಕೊಡುತ್ತೇನೆ ಅಂದೆ. ಸಂಜೆ ನಾಲ್ಕಕ್ಕೆ ಅನ್ನಲು ‘ಸಾ ನ್ನೆ’ ಅಂದುಬಿಟ್ಟೆ. ಗೊತ್ತಿದ್ದೂ ನಾಲಿಗೆ ತಪ್ಪಿತು. ಸಾ ನ್ನೆ ಅಂದರೆ ಬೆಳಿಗ್ಗೆ ಹತ್ತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಹೋದೆ. ಗೇರು ಮರದ ಕೆಳಗೆ ಇಬ್ಬರು ಹುಡುಗಿಯರು ಎದ್ದು ನಿಂತು ಶಿಕಾಮೂ ಅಂದರು. ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಬಂದಿದ್ದರಂತೆ, ಮಧ್ಯಾಹ್ನಕ್ಕೆ ಉಳಿದವರೆಲ್ಲ ಹೋಗಿದ್ದರು. ಇವರಿಬ್ಬರು ಹೋಗಿರಲಿಲ್ಲ, ಮ್ವಾಲಿಮು ಬರುತ್ತೇನೆ ಅಂದಿದ್ದಾರಲ್ಲ. ಮರಳಿನ ಮೇಲೆ ನೋಡಿದೆ. ಅವರು ಕೂತಲ್ಲೆಲ್ಲ ಮರಳು ಒತ್ತಿ ಗುಳಿ ಬಿದ್ದಿತ್ತು. ಬೆಳಗಿನ ಗುಳಿ ಮರದ ಪಡುವಣ ಬದಿಗೆ, ಆಮೇಲಿನದು ಬುಡಕ್ಕೆ ಅಂಟಿ, ಕೊನೆಯದು ಮೂಡಣ ಬದಿಗೆ. ನೆರಳು ಸರಿದ ಹಾಗೆ ಅವರೂ ಸರಿದು ಸರಿದು ಕೂತಿದ್ದರು. ಮಾಸ್ತರ ಚಿರೆಕಲ್ಲುಗಳ ಹಾಗೆ ಆ ಗುಳಿಗಳು ಆರು ತಾಸನ್ನು ಸಾಲಾಗಿ ತೋರಿಸುತ್ತಿದ್ದವು.

ಕ್ಷಮಿಸಿ ಅನ್ನಲು ಅವರಲ್ಲಿ ‘ಸಮಹಾನಿ’ ಅನ್ನಬೇಕು. ಇಬ್ಬರ ಮುಖ ನೋಡಿ ಅಂದೆ. ಒಂಬತ್ತನೇ ತರಗತಿಯಲ್ಲಿ ಬಾರದ ಬಾಯಿ ಆ ದಿನ ಬಂತು. ಸೋಮವಾರ ಇಡೀ ತರಗತಿಯ ಎದುರು ಮತ್ತೆ ಹೇಳಿದೆ, ಆಮೇಲೆ ಆ ಇಬ್ಬರ ಕೈಯಿಂದಲೇ ಅಂಗಳದಲ್ಲಿ ಒಂದು ಮೀಟರ್ ಕೋಲು ನೆಡಿಸಿದೆ. ದಿನಾ ಅಳೆದರು. ಅಕ್ಟೋಬರ್ 20ಕ್ಕೆ, ಹನ್ನೆರಡು ದಾಟಿ ನಾಲ್ಕು ನಿಮಿಷಕ್ಕೆ, “ಹಾಕುನಾ ಕಿವುಲಿ!” ಅಂತ ಇಡೀ ಶಾಲೆ ಕೂಗಿತು. ನೆರಳೇ ಇಲ್ಲ ಅಂತ.

ಅಲ್ಲೇ ನಿಂತು ಮಾಸ್ತರಿಗೆ ಫೋನ್ ಮಾಡಿದೆ. ಕುಮಟಾದಲ್ಲಿ ಆಗ ಎರಡೂವರೆ, ಅವರು ಊಟ ಮಾಡಿ ಒರಗುವ ಹೊತ್ತು.

“ಇಷ್ಟು ದಿನ ಯಾವ ಬದಿಗೆ ಬೀಳ್ತಿತ್ತು?” ಅಂದರು.

“ತೆಂಕಣಕ್ಕೆ ಮಾಸ್ತರೆ. ನಾಳೆಯಿಂದ ಬಡಗಣಕ್ಕೆ.”

“ಎಷ್ಟು ಗಂಟೆಗೆ ಹೋಯ್ತು?”

ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೆಕ್ಕ ಹಾಕುತ್ತಿದ್ದಾರೆ ಅಂತ ಗೊತ್ತಾಯಿತು. “ನೀನಿರೋ ಊರು ಅವರ ಗಡಿಯಾರದ ರೇಖೆಯಿಂದ 5 ಡಿಗ್ರಿ ಪಡುವಣಕ್ಕೆ. 20 ನಿಮಿಷ ತಡ ಆಗಬೇಕಿತ್ತು. ಆದರೆ ಅಕ್ಟೋಬರ್‌ನಲ್ಲಿ ಸೂರ್ಯ ಕಾಲು ಗಂಟೆ ಮುಂದೆ ಇರ್ತಾನೆ. ಸರಿ ಇದೆ ತಂಗೀ, ನಿನ್ನ ಗಡಿಯಾರ ಸರಿ ಇದೆ.” ಮೂವತ್ತಾರು ವರ್ಷ ಆದ ಮೇಲೆ ನನ್ನ ಗಡಿಯಾರ ಸರಿ ಇದೆ ಅಂದರು. ಬಿಸಿಲಲ್ಲಿ ನಿಂತು ಅತ್ತುಬಿಟ್ಟೆ. ಮಕ್ಕಳು ನೀರು ತಂದುಕೊಟ್ಟರು.

ಮೊನ್ನೆ ಮಾಸ್ತರ ನೆನಪಿನ ಸಭೆಗೆ ಶಾಲೆಗೆ ಬಂದಿದ್ದೆ. ಕಟ್ಟಡ ಚೆನ್ನಾಗಿದೆ, ಗೋಡೆಗೆ ದೊಡ್ಡ ಪರದೆ ಬಂದಿದೆ, ಗಂಟೆ ತಾನಾಗೇ ಹೊಡೆದುಕೊಳ್ಳುತ್ತದೆ. ಸಂತೋಷ. ಆದರೆ ಅಂಗಳಕ್ಕೆಲ್ಲ ಸಿಮೆಂಟಿನ ಹಾಸು ಹಾಕಿ ಚಿರೆಕಲ್ಲುಗಳನ್ನು ಕಿತ್ತಿದ್ದಾರೆ. ಹತ್ತನೇ ತರಗತಿಯ ಹುಡುಗನೊಬ್ಬನನ್ನು ನಮ್ಮೂರಲ್ಲಿ ನಡುಹಗಲು ಎಷ್ಟು ಗಂಟೆಗೆ ಅಂತ ಕೇಳಿದೆ. ಹನ್ನೆರಡಕ್ಕೆ ಅಂದ. ಅವನದ್ದೇನೂ ತಪ್ಪಿಲ್ಲ. ಬೆಳಿಗ್ಗೆ ಟ್ಯೂಷನ್, ಸಂಜೆ ಟ್ಯೂಷನ್, ಏಪ್ರಿಲ್ ರಜೆಯಲ್ಲೂ ಕ್ಲಾಸು. ಕಂಬದ ಹತ್ತಿರ ಸುಮ್ನೆ ನಿಲ್ಲೋಕೆ ಆ ಮಕ್ಕಳಿಗೆ ಹೊತ್ತೆಲ್ಲಿ ಕೊಟ್ಟಿದ್ದೇವೆ?

ನಾಲ್ಕು ಚಿರೆಕಲ್ಲು ಇಡುವಷ್ಟು ಜಾಗ ಬಿಡಿಸಿಕೊಡಿ ಅಂತ ಹೆಡ್‌ಮಾಸ್ತರಿಗೆ ಕೇಳಿದ್ದೇನೆ, ಒಪ್ಪಿದ್ದಾರೆ. ನಮ್ಮಲ್ಲಿ ನೆರಳು ಬುಡ ಸೇರುವುದು ಏಪ್ರಿಲ್ 28, 29ರ ಸುಮಾರಿಗೆ. ಆಗಸ್ಟ್ ನಡುವಿಗೂ ಸೇರುತ್ತದೆ, ಆದರೆ ಆಗ ಮಳೆ ಬಿಡಬೇಕಲ್ಲ. ಬರುವ ಏಪ್ರಿಲ್ 28ಕ್ಕೆ ನಾನು ಹನ್ನೆರಡಕ್ಕೇ ಕಂಬದ ಹತ್ತಿರ ಇರುತ್ತೇನೆ. ರಜೆ ಇದ್ದರೂ ಬನ್ನಿ ಮಕ್ಕಳೇ. ಒಂದು ಟೇಪು, ಒಂದು ಪುಸ್ತಕ ತನ್ನಿ. ಮುರುಗಲ ಪಾನಕ ನಾನು ತರುತ್ತೇನೆ. ಜವಾನಣ್ಣ ಈಗಿಲ್ಲ, ಅವರ ಮಗ ಬರುತ್ತೇನೆ ಅಂದಿದ್ದಾನೆ. ಮೊದಲ ಲೋಟ ಅವನಿಗೆ.